ಅಸಂಗಿಯಲ್ಲಿ ಬಿಟ್ಟು ಬಂದ ಮಗಳು

ಶಮಾ ಹುಟ್ಟಿದ್ದು ಅಸಂಗಿಯಲ್ಲಿ. ಮದುವೆಯಾಗಿ ಬಂದದ್ದು ಸನಮಡಿಯ ಪಿಂಜಾರ ಇನಾಯತನ ಮನೆಗೆ. ಅರಳೆ ಹಿಂಜುವುದರಲ್ಲಿ ಇನಾಯತನನ್ನು ಸರಿಗಟ್ಟುವವರು ಆ ಸುತ್ತಿನಲ್ಲಿ ಇರಲಿಲ್ಲ. ಅವನು ಹಿಂಜಿ ಕೊಟ್ಟಿದ್ದನ್ನು ಶಮಾ ತುಂಬಿ ಗಾದಿ ಹೊಲಿಯುತ್ತಿದ್ದಳು. ಮಗಳು ಸುಲತಾನಾ ಆ ಅರಳೆಯ ರಾಶಿಯಲ್ಲೇ ಹೊರಳಾಡಿ ಬೆಳೆದಳು. ಸಂಜೆಯಾದರೆ ಅವಳ ಕೂದಲಿನಿಂದ ಹತ್ತಿಯ ಎಳೆ ಹೆಕ್ಕುವುದೇ ಶಮಾಗೆ ಒಂದು ಕೆಲಸ.

೧೯೯೬ರ ಚಳಿಗಾಲದಲ್ಲಿ ಇನಾಯತನ ಬಾಯೊಳಗೆ, ದವಡೆಗೆ ಹತ್ತಿ ಒಂದು ಹುಣ್ಣು ಎದ್ದಿತು. ಜತ್ತದ ಡಾಕ್ಟರು ಎರಡು ಸಲ ಔಷಧ ಕೊಟ್ಟರು, ಮೂರನೆಯ ಸಲ ಮಿರಜಿಗೆ ಚೀಟಿ ಬರೆದರು. ಮಿರಜಿನಲ್ಲಿ ಕ್ಯಾನ್ಸರ್ ಎಂದರು. ಆಪರೇಶನ್ ಆಗಬೇಕು, ಆಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕು, ಜೊತೆಗೆ ಮನೆಯವರೊಬ್ಬರು ಇರಲೇಬೇಕು. ಇನಾಯತನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಎರಡು ವರ್ಷದ ಕೂಸನ್ನು ಆ ವಾರ್ಡಿಗೆ ಒಯ್ಯುವಂತಿರಲಿಲ್ಲ.

ಅಸಂಗಿಯಲ್ಲಿದ್ದ ಅಕ್ಕ ನಜಮಾ ತಾನಾಗಿಯೇ ಬಂದಳು. "ಎರಡ ತಿಂಗಳಿನ ಮಾತು. ನನ್ನ ಹುಡುಗರ ಜೋಡಿ ಇದೂ ಒಂದು ಉಣತೈತಿ. ನೀ ಗಟ್ಟಿ ಆಗಿ ಹೋಗು" ಎಂದಳು.

ಮಗಳನ್ನು ಅಸಂಗಿಗೆ ಒಯ್ದು ಬಿಟ್ಟು, ಕೂಸು ನಿದ್ದೆಯಲ್ಲಿದ್ದಾಗ ಶಮಾ ಬಸ್ಸು ಹತ್ತಿದಳು.

ಎರಡು ತಿಂಗಳು ಹತ್ತೊಂಬತ್ತು ತಿಂಗಳಾಯಿತು. ಕಿವಿಯ ಬಂಗಾರ ಹೋಯಿತು, ಆಡು ಹೋದವು, ಅರಳೆ ಹಿಂಜುವ ಬಿಲ್ಲೂ ಹೋಯಿತು. ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯ ಪಡಸಾಲೆಯಲ್ಲಿ ಶಮಾ ಗಂಜಿ ಕಾಸುತ್ತಿದ್ದಳು, ಸೋಸಿ ಸೋಸಿ ಗಂಡನ ಬಾಯಿಗೆ ಹಾಕುತ್ತಿದ್ದಳು. ಪಕ್ಕದ ಒಲೆಯವಳ ಕೂಸು ಅತ್ತರೆ ಇವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಅಷ್ಟು ದಿನಗಳಲ್ಲಿ ಅಸಂಗಿಗೆ ಹೋಗಲು ಸಿಕ್ಕಿದ್ದು ಮೂರೇ ಸಲ. ಮೂರನೆಯ ಸಲ ಸುಲತಾನಾ ನಜಮಾಳ ಸೀರೆಯ ಹಿಂದೆ ಅಡಗಿ ನಿಂತು, "ಅಮ್ಮಾ, ಈ ಖಾಲಾ ಯಾರು?" ಎಂದು ಕೇಳಿತು.

"ಖಾಲಾ ಅಂತ ಕರಿಬ್ಯಾಡ, ಆಕಿ ನಿನ್ನ ಚಿಕ್ಕವ್ವ ಅಲ್ಲ, ಆಕಿನs ನಿನ್ನ ಅಮ್ಮ" ಎಂದು ನಜಮಾ ಗದರಿದಳು. ಕೂಸು ಅಳಲು ಶುರು ಮಾಡಿತು. "ಇರಲಿ ಆಪಾ, ಅಂಜಸಬ್ಯಾಡ" ಎಂದಳು ಶಮಾ.

ಇನಾಯತ ಬದುಕಿದ. ಅರ್ಧ ದವಡೆ ಹೋಗಿತ್ತು, ಮಾತು ತೊದಲುತ್ತಿತ್ತು, ಅರಳೆಯ ಧೂಳು ಮೂಗಿಗೆ ಹೋದರೆ ಉಸಿರು ಕಟ್ಟುತ್ತಿತ್ತು. ಶಮಾ ಕೌದಿ ಹೊಲಿದು ಮನೆ ನಡೆಸತೊಡಗಿದಳು. ಮಗಳನ್ನು ಕರೆತಂದಳು. ಎಂಟು ದಿನ ಅದು ಹೊಸ್ತಿಲ ಮೇಲೆ ಕುಳಿತು ದಾರಿ ನೋಡಿತು. ಒಂಬತ್ತನೆಯ ದಿನ ಜ್ವರ ಬಂತು. ಜ್ವರದಲ್ಲಿ "ಅಮ್ಮಾ" ಎಂದಿತು. ಶಮಾ ಓಡಿ ಬಂದು ಎತ್ತಿಕೊಂಡರೆ ಎರಡೂ ಕೈಯಿಂದ ನೂಕಿತು.

"ಬಿಟ್ಟ ಬಾ. ಅಲ್ಲೇ ಉಣ್ಣಲಿ" ಎಂದ ಇನಾಯತ ಗೋಡೆಯ ಕಡೆ ಮುಖ ಮಾಡಿ. ಬರುವ ವರ್ಷ ಕರೆತಂದರಾಯಿತು ಅಂದುಕೊಂಡರು. ಬರುವ ವರ್ಷ ಅಲ್ಲಿಯ ಸಾಲೆಗೆ ಹೆಸರು ಹಚ್ಚಿದರು.

೨೦೦೪ರಲ್ಲಿ ಜತ್ತದಿಂದ ರೂಪಾಲಿ ಎಂಬ ಹುಡುಗಿ ಫಾರ್ಮು ಹಿಡಿದುಕೊಂಡು ಬಂದಳು. ಕ್ಯಾನ್ಸರ್ ಬಂದ ಮನೆಗಳ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಅಳೆಯುವ ಸರ್ವೇ.

"ಮನ್ಯಾಗ ಎಷ್ಟ ಮಂದಿ ಅದೀರಿ ಅಕ್ಕಾರ?"

"ಮೂರು ಮಂದಿ" ಎಂದಳು ಶಮಾ.

ರೂಪಾಲಿ ಬರೆದುಕೊಂಡು ವಯಸ್ಸು ಕೇಳಿದಳು. ಮಗಳು ಅಸಂಗಿಯಲ್ಲಿದ್ದಾಳೆ, ಹತ್ತು ತುಂಬಿದೆ ಎಂದು ತಿಳಿದಾಗ ಪೆನ್ಸಿಲ್ಲು ನಿಂತಿತು. "ಆರು ತಿಂಗಳಿಂದ ಒಂದs ಒಲಿ ಮ್ಯಾಲೆ ಉಣ್ಣಾವರನ್ನಷ್ಟೇ ಬರೀಬೇಕ್ರಿ" ಎಂದು ಸಣ್ಣ ದನಿಯಲ್ಲಿ ಹೇಳಿ, ಮೂರನ್ನು ಅಳಿಸಿ ಎರಡು ಮಾಡಿದಳು.

ಮುಂದಿನ ಪ್ರಶ್ನೆಗಳಿಗೆಲ್ಲ ಶಮಾ ಸರಿಯಾಗಿ ಉತ್ತರ ಕೊಟ್ಟಳು. ಬಸ್ಸಿನ ಖರ್ಚು, ಔಷಧದ ಖರ್ಚು, ಮಾರಿದ್ದು, ಕೆಲಸ ತಪ್ಪಿದ ದಿನಗಳು.

"ಬ್ಯಾನಿಯಿಂದಾಗಿ ಮತ್ತೇನರ ಕಳಕೊಂಡೀರೇನ್ರಿ?"

ಶಮಾ ಅಳಿಸಿದ ಜಾಗ ನೋಡಿದಳು. ರೂಪಾಲಿಗೆ ತಿಳಿಯಿತು. "ಇದನ್ನ ಬರ್ಯಾಕ ಫಾರ್ಮಿನ್ಯಾಗ ಖಾನಾ ಇಲ್ರಿ ಅಕ್ಕಾರ" ಎಂದಳು. ಬಿಸಿಲಿಗೆ ಕುಳಿತಿದ್ದ ಇನಾಯತ ಎದ್ದು, ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನಡೆದ.

ಮರುದಿನ ಶಮಾ ಜತ್ತಕ್ಕೆ ಬಂದು ಅಸಂಗಿಯ ಬಸ್ಸು ಹಿಡಿದಳು. ಈ ಸಲ ಕರೆದುಕೊಂಡೇ ಬರುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ನಜಮಾಳ ಅಂಗಳದಲ್ಲಿ ಸುಲತಾನಾ ತಲೆಗೆ ಎರೆದುಕೊಂಡು ಕೂದಲು ಆರಿಸುತ್ತಿದ್ದಳು.

"ಖಾಲಾ, ಯಾವಾಗ ಬಂದಿ?" ಎಂದು ನಕ್ಕಳು. ಶಮಾ ಹಣಿಗೆ ಕೇಳಿದಳು. ಹುಡುಗಿ ಬೆನ್ನು ಕೊಟ್ಟು ಕುಳಿತಳು. ಒಳಗೆ ನಜಮಾ ರೊಟ್ಟಿ ಬಡಿಯುವುದು ನಿಲ್ಲಿಸಿ ಕಿವಿಗೊಟ್ಟಿದ್ದಳು.

"ನನ್ನ ಇಲ್ಲಿ ಬಿಟ್ಟ ಹೋಗುವಾಗ ನಾ ಭಾಳ ಅತ್ನೇನು?" ಸುಲತಾನಾ ತಿರುಗದೆಯೇ ಕೇಳಿದಳು.

"ಇಲ್ಲ. ನೀ ಮಲಗಿದ್ದಿ. ಎಬ್ಬಸಾಕ ನನಗ ಧೈರ್ಯ ಆಗಲಿಲ್ಲ."

"ಎಬ್ಬಸಬೇಕಿತ್ತು" ಎಂದಳು ಹುಡುಗಿ.

ಜಡೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು ಶಮಾ, "ಒಂದ ಸಲ ಬಂದ ಇದ್ದ ಹೋಗು" ಎಂದಷ್ಟೇ ಹೇಳಿದಳು.

"ಪರೀಕ್ಷಾ ಮುಗೀಲಿ, ಬರ್ತೀನಿ."

ಮೇ ತಿಂಗಳಲ್ಲಿ ಬಂದಳು. ಹದಿನೆಂಟು ದಿನ ಇದ್ದಳು. ತಂದೆಯ ತೊದಲು ಮಾತು ತಿಳಿಯದಾಗ ನಗದೆ, ಇನ್ನೊಮ್ಮೆ ಹೇಳೆಂದು ಕೇಳುತ್ತಿದ್ದಳು. ಇನಾಯತ ಅಷ್ಟು ಮಾತಾಡಿದ್ದನ್ನು ಶಮಾ ಎಷ್ಟೋ ವರ್ಷಗಳಲ್ಲಿ ಕೇಳಿರಲಿಲ್ಲ. ಹತ್ತೊಂಬತ್ತನೆಯ ದಿನ ನಜಮಾಳ ದೊಡ್ಡ ಮಗ ಏಜಾಜ ಬಂದು ಕರೆದುಕೊಂಡು ಹೋದ. ಆಮೇಲೆ ಪ್ರತಿ ಮೇ ತಿಂಗಳಲ್ಲೂ ಬಂದಳು. ಶಮಾಳನ್ನು ಖಾಲಾ ಎಂದೇ ಕರೆದಳು. ಮಗಳು ಹೋದ ಮೇಲೆ ಶಮಾ ಒಂದೆರಡು ದಿನ ರೊಟ್ಟಿಗೆ ಹಿಟ್ಟು ಹೆಚ್ಚು ಕಲಸುತ್ತಿದ್ದಳು.