ಎಸ್ತರಳ ವೀಸಾ ಮತ್ತು ನಾನು ಹಾಕಿದ ಸುಳ್ಳು ರುಜು

ಗುಡ್ಡದಮ್ಮನನ್ನು ನಂಬಿದ ಎಲ್ಲರಿಗೂ ನಮಸ್ಕಾರ. ದೇವಿ ತಮಗೆ ಮಾಡಿದ ಉಪಕಾರವನ್ನು ಬರೆಯುವವರು, ತಾವು ಎಷ್ಟು ಒಳ್ಳೆಯವರಾಗಿದ್ದೆವು ಎಂಬುದನ್ನೂ ಜೊತೆಗೆ ಸೇರಿಸಿ ಬರೆಯುವುದನ್ನು ನೋಡಿದ್ದೇನೆ. ನನಗೆ ಆ ಅನುಕೂಲವಿಲ್ಲ. ನನ್ನ ಕಷ್ಟ ನಾನೇ ಮಾಡಿಕೊಂಡದ್ದು. ಅದೂ ನನ್ನ ತಲೆಗೆ ಬರಲಿಲ್ಲ, ಇನ್ನೊಬ್ಬರ ಮಗಳ ತಲೆಗೆ ಬಂತು.

2004ರ ಆಗಸ್ಟ್ ತಿಂಗಳ ಒಂದು ಸೋಮವಾರ ಎಸ್ತರ್ ಕಾಲೇಜಿನಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಚಿಕ್ಕಮಗಳೂರಿನ ಪೊಲೀಸ್ ಕಚೇರಿಯಿಂದ ಕಾಲೇಜಿಗೆ ಬಂದಿದ್ದ ಕಾಗದವಿತ್ತು. ಕೊಟ್ಟ ವಿಳಾಸದಲ್ಲಿ ಈಕೆ ವಾಸವಿಲ್ಲ, ಆದ್ದರಿಂದ ವೀಸಾ ಮುಂದುವರಿಸಲಾಗದು, ಹದಿನೈದು ದಿನದೊಳಗೆ ದೇಶ ಬಿಡಬೇಕು ಎಂದು ಬರೆದಿತ್ತು.

"ಆಂಟಿ, ನಾನು ಇಲ್ಲೇ ಇದೀನಲ್ಲ" ಎಂದಳು. ನನಗೆ ಕೈಯಲ್ಲಿದ್ದ ಸೌಟು ಎಲ್ಲಿಡಬೇಕೆಂದು ತಿಳಿಯಲಿಲ್ಲ. ವಿಳಾಸದಲ್ಲಿ ಅವಳು ಇಲ್ಲವೆಂದು ರುಜು ಹಾಕಿದವಳು ನಾನೇ.

ಎಸ್ತರ್ ತಾಂಜಾನಿಯಾದ ಹುಡುಗಿ. ನಮ್ಮಂತೆಯೇ ಕಾಫಿ ಬೆಳೆಯುವ ಬೆಟ್ಟದ ಕಡೆಯವಳು. ಮೂಡಿಗೆರೆ ಕಡೆಯ ಕಾಲೇಜಿನಲ್ಲಿ ಪದವಿಗೆ ಸೇರಿದ್ದಳು. ಮೊದಲ ವರ್ಷ ಹಾಸ್ಟೆಲಿನಲ್ಲಿದ್ದು, ಅಲ್ಲಿನ ಊಟ ಒಗ್ಗದೆ, ಪರಿಚಯದ ಲೆಕ್ಚರರ್ ಒಬ್ಬರ ಮೂಲಕ 2003ರ ಜೂನ್‌ನಲ್ಲಿ ನಮ್ಮ ಮನೆಗೆ ಬಂದಳು. ನನ್ನ ಯಜಮಾನರು ತೀರಿಕೊಂಡು ಆಗ ನಾಲ್ಕು ವರ್ಷ. ನನ್ನ ಪಾಲಿನ ತೋಟ ಚಿಕ್ಕದು, ಕಾಫಿಯ ಬೆಲೆ ಆಗ ಹೇಗೆ ಬಿದ್ದುಹೋಗಿತ್ತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಾಳಿಗೆಯ ಕೋಣೆಯನ್ನು ಅವಳಿಗೆ ಬಾಡಿಗೆಗೆ ಕೊಟ್ಟೆ. ಆದರೆ ಬಾಡಿಗೆ ಎಂಬ ಮಾತನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಮನೆಗೆ ಬಂದವರಿಗೆ ಅನ್ನ ಹಾಕುವ ಮನೆತನ ನಮ್ಮದು, ದುಡ್ಡು ತೆಗೆದುಕೊಳ್ಳುವುದಲ್ಲ ಎಂದು ಯಜಮಾನರ ಅಣ್ಣ, ನಮ್ಮ ದೊಡ್ಡ ಭಾವ, ಎದೆ ಉಬ್ಬಿಸಿ ಹೇಳುತ್ತಿದ್ದರು. ಅವರಿಗೆ, "ಓದೋ ಹುಡುಗಿ ಭಾವ, ಪಾಪ, ಎರಡು ತುತ್ತು ಅನ್ನ ಹಾಕ್ತಿದೀನಿ" ಎಂದುಬಿಟ್ಟಿದ್ದೆ. ಬಾಡಿಗೆ ಕರಾರು, ಚೀಟಿ, ಯಾವುದನ್ನೂ ಮಾಡಲಿಲ್ಲ.

ನಾನು ಹೀಗಾದರೆ ಆ ಹುಡುಗಿ ಪೂರಾ ತದ್ವಿರುದ್ಧ. ಓದಲು ಬಂದ ವಿದೇಶಿಯರಿಗೆ ವೀಸಾದ ಕಟ್ಟುಪಾಡು ಬಹಳ. ತರಗತಿ ತಪ್ಪಿಸುವಂತಿಲ್ಲ, ದುಡಿಯುವಂತಿಲ್ಲ, ಮನೆ ಬದಲಾಯಿಸಿದರೆ ಪೊಲೀಸರಿಗೆ ತಿಳಿಸಬೇಕು, ವರ್ಷಕ್ಕೊಮ್ಮೆ ಮುಂದುವರಿಸಿಕೊಳ್ಳಬೇಕು. ಅವಳು ಒಂದನ್ನೂ ಮೀರಲಿಲ್ಲ. ಆಸ್ಪತ್ರೆಯ ಚೀಟಿಯಿಂದ ಹಿಡಿದು ಪರೀಕ್ಷೆಯ ಹಾಲ್ ಟಿಕೆಟ್ಟಿನವರೆಗೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೈಬಲ್ಲಿನ ಜೊತೆ ಇಡುತ್ತಿದ್ದಳು. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ತೋಟಕ್ಕೆ ಬಂದರೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. "ಕುಯ್ಯೇ ಮಾರಾಯ್ತಿ, ಯಾರು ನೋಡ್ತಾರೆ?" ಎಂದರೆ, "ನನ್ನ ಕೈಗೆ ವೀಸಾ ಇಲ್ಲ ಆಂಟಿ" ಎಂದು ನಗುತ್ತಿದ್ದಳು. ಹೆಂಗಸರೆಲ್ಲ ಬುಟ್ಟಿ ಕೆಳಗಿಟ್ಟು ನಗುತ್ತಿದ್ದರು.

ಇನ್ನು ನನ್ನ ಘನಕಾರ್ಯ ಕೇಳಿ. 2004ರ ಜುಲೈನಲ್ಲಿ, ವೀಸಾ ಮುಂದುವರಿಸಲು ಅವಳು ಅರ್ಜಿ ಹಾಕಿದ ಮೇಲೆ, ವಿಳಾಸ ವಿಚಾರಿಸಲು ಒಬ್ಬ ಕಾನ್‌ಸ್ಟೇಬಲ್ ಬಂದ. ಎಸ್ತರ್ ಕಾಲೇಜಿಗೆ ಹೋಗಿದ್ದಳು. ಜಗಲಿಯಲ್ಲಿ ದೊಡ್ಡ ಭಾವ ಕಾಫಿ ಕುಡಿಯುತ್ತ ಕೂತಿದ್ದರು.

"ಅಮ್ಮಾ, ಎಸ್ತರ್ ಅಂತ ಒಬ್ರು ಇಲ್ಲಿ ಬಾಡಿಗೆಗೆ ಇದಾರಂತೆ, ಹೌದಾ?"

ಭಾವ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ನನಗೆ ಕಿವಿಯೆಲ್ಲ ಬಿಸಿಯಾಯಿತು. "ಬಾಡಿಗೆಗಾ? ನಮ್ಮನೇಲಾ? ಬಾಡಿಗೆಯವರು ಇಲ್ಲಿ ಯಾರೂ ಇಲ್ಲ ಕಣ್ರೀ" ಎಂದೆ. ಆತ ಇನ್ನೊಮ್ಮೆ ಕೇಳಿದ. ನಾನು ಇನ್ನೂ ಜೋರಾಗಿ ಹೇಳಿದೆ. ಆತ ಏನೋ ಬರೆದು ಮುಂದೆ ಹಿಡಿದ. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ಓದಲು ಬರುತ್ತದೆ. ಓದಲಿಲ್ಲ. ಆತ ಬೇಗ ಹೊರಟರೆ ಸಾಕಾಗಿತ್ತು, ರುಜು ಹಾಕಿದೆ.

ಕಾಗದ ಬಂದ ಮಾರನೆಯ ದಿನ ಮೊದಲ ಬಸ್ಸಿಗೇ ಎಸ್ತರ್ ಮತ್ತು ನಾನು ಚಿಕ್ಕಮಗಳೂರಿಗೆ ಹೋದೆವು. ಅವಳಿಗೆ ಇನ್ನುಳಿದದ್ದು ಕೊನೆಯ ವರ್ಷ. ಈಗ ಹೊರಟರೆ ಎರಡು ವರ್ಷದ ಓದು ಮಣ್ಣುಪಾಲು. ದಾರಿಯುದ್ದಕ್ಕೂ ಆ ಪ್ಲಾಸ್ಟಿಕ್ ಕವರನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಕಚೇರಿಯ ಅಧಿಕಾರಿ ನನ್ನ ರುಜು ಇದ್ದ ಹಾಳೆಯನ್ನು ನನಗೇ ತೋರಿಸಿ, "ಇದು ನಿಮ್ಮದೇ ತಾನೆ?" ಎಂದರು.

ಆಗಲಾದರೂ ನಿಜ ಹೇಳಬೇಕಿತ್ತು. ನಾನು ಏನು ಮಾಡಿದೆ ಗೊತ್ತೆ? "ಕಾನ್‌ಸ್ಟೇಬಲ್ ತಪ್ಪು ಬರ್ಕೊಂಡಿದಾರೆ ಸ್ವಾಮಿ, ನಾನು ಹಂಗೆ ಹೇಳೇ ಇಲ್ಲ" ಎಂದೆ. ಆತ ಅಲ್ಲೇ ಗೋಡೆಯ ಪಕ್ಕ ನಿಂತಿದ್ದ. ತಲೆ ತಗ್ಗಿಸಿದ. ಅಧಿಕಾರಿ ಹಾಳೆಯನ್ನು ಫೈಲಿಗೆ ಸೇರಿಸಿ, "ಅವತ್ತು ಇಲ್ಲ ಅಂದ್ರಿ, ಇವತ್ತು ಇದಾಳೆ ಅಂತೀರಿ. ನಿಮ್ಮ ಬಾಯಿಮಾತು ನನಗೆ ಬೇಡ ಅಮ್ಮ. ಒಂದು ವರ್ಷದಿಂದ ಅಲ್ಲೇ ಇದ್ಲು ಅನ್ನೋದಕ್ಕೆ ಬರಹದಲ್ಲಿ ಏನಾದ್ರೂ ಇದ್ರೆ ತನ್ನಿ" ಎಂದರು.

ಬರಹದಲ್ಲಿ ಏನಿತ್ತು? ಮನೆ ಬದಲಾಯಿಸಿದಾಗ ಎಸ್ತರ್ ಪೊಲೀಸರಿಗೆ ಕೊಟ್ಟಿದ್ದ ಕಾಗದ ಅವಳೇ ಬರೆದದ್ದು, ಅದು ಸಾಕ್ಷಿಯಾಗದು. ಕರಾರಿಲ್ಲ. ರೇಷನ್ ಕಾರ್ಡಿನಲ್ಲಿ ಅವಳ ಹೆಸರಿಲ್ಲ. ಕಾಲೇಜಿನ ದಾಖಲೆಯಲ್ಲಿ ಹಳೆಯ ಹಾಸ್ಟೆಲಿನ ವಿಳಾಸವೇ ಇತ್ತು. ಬುಧವಾರ, ಗುರುವಾರ ಮನೆಯ ಡಬ್ಬ, ಕಪಾಟು, ಪೆಟ್ಟಿಗೆ ಎಲ್ಲ ತಡಕಿದೆ. ಎಸ್ತರ್ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುರುವಾರ ಸಂಜೆ ಅವಳು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವುದು ಕಂಡು ನನಗೆ ಸಿಟ್ಟು ಬಂತು. ನನ್ನ ಮೇಲೆ ಬಂದ ಸಿಟ್ಟನ್ನು ದೇವಿಯ ಮೇಲೆ ತಿರುಗಿಸಿದೆ. ನಾನು ಅಂಥವಳೇ.

ಶುಕ್ರವಾರ ಬೆಳಗ್ಗೆ ಗುಡಿಗೆ ಹೋಗಿ ಗುಡ್ಡದಮ್ಮನ ಎದುರು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. "ಇಪ್ಪತ್ತೆಂಟು ವರ್ಷದಿಂದ ಒಂದು ಶುಕ್ರವಾರ ತಪ್ಪಿಸಿಲ್ಲ ನಾನು. ಯಜಮಾನರಿಗೆ ಆಯುಸ್ಸು ಕೇಳಿದೆ, ಕೊಡಲಿಲ್ಲ. ಆಗಲೂ ದೀಪ ಹಚ್ಚಿದೆ. ಇವತ್ತು ನೀನು ಬಲಕ್ಕೆ ಹೂ ಕೊಟ್ಟು ಆಗಲಿ ಅನ್ನೋ ತನಕ ಇಲ್ಲಿಂದ ಏಳಲ್ಲ. ಕೊಡದಿದ್ರೆ ನಿನ್ನ ದೀಪಕ್ಕೆ ನೀನೇ ಎಣ್ಣೆ ಹುಡುಕ್ಕೋ" ಎಂದೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟೇ ಹೇಳಿದೆ. ಪೂಜೆ ಮಾಡುವ ಸುಬ್ಬಣ್ಣ ಭಟ್ಟರು ಎಂಬತ್ತು ದಾಟಿದವರು. ಅವರು ದೇವಿಯ ಮುಡಿಗೆ ಹೂವಿಟ್ಟು ಮಂಗಳಾರತಿ ಎತ್ತಿದರು.

ಹೂ ಎಡಕ್ಕೆ ಬಿತ್ತು.

"ಎಂತ ಕೇಳ್ಕೊಂಡ್ರಿ ಸುಶೀಲಮ್ಮ?" ಎಂದರು ಭಟ್ಟರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಾನು ಸುಳ್ಳು ಹೇಳಿದ್ದು ಯಾರಿಗೂ ಗೊತ್ತಾಗದ ಹಾಗೆ ಹುಡುಗಿ ಉಳೀಬೇಕು ಅಂತ."

"ಹಂಗಾದ್ರೆ ಅಮ್ಮ ಕೊಟ್ಟಿದ್ದು ಸರಿಯಾಗೇ ಉಂಟಲ್ಲ" ಎಂದು ಅವರು ತೀರ್ಥದ ತಟ್ಟೆ ತೊಳೆಯಲು ಹೋದರು.

ನನಗೆ ಅಳು ಬಂತು. ಸುಮಾರು ಹೊತ್ತು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಎದ್ದು ನಿಂತೆ. "ಇನ್ನೊಂದು ಹೂ ನಾನು ಕೇಳಲ್ಲ ಭಟ್ರೇ. ಸೋಮವಾರ ಹೋಗಿ, ನಾನೇ ಸುಳ್ಳಿ ಅಂತ ಬರೆದುಕೊಟ್ಟು ಬರ್ತೀನಿ. ಕೇಸು ಹಾಕ್ಲಿ, ಏನಾದ್ರೂ ಮಾಡ್ಲಿ. ಇವಳು ಜೊತೆಗೆ ಬರೋದಾದ್ರೆ ಬರ್ಲಿ, ಇಲ್ದಿದ್ರೆ ಒಬ್ಳೇ ಹೋಗ್ತೀನಿ" ಎಂದು ದೇವಿಯ ಕಡೆ ಕೈ ತೋರಿಸಿದೆ. ಬರಹದ ಸಾಕ್ಷಿ ಕೇಳುತ್ತಾರೆ, ಅದೊಂದಿಲ್ಲ ಎಂದೂ ಹೇಳಿದೆ.

ಭಟ್ಟರು ಒದ್ದೆ ಕೈಯಲ್ಲೇ ತಿರುಗಿ ನಿಂತರು. "ಬರಹ ಇಲ್ಲ ಅಂದ್ರೆ ಎಂತ? ವರ್ಷದಿಂದ ಪ್ರತಿ ಶುಕ್ರವಾರ ಆ ಹುಡುಗಿ ಹೆಸರು ಹೇಳಿ ಅರ್ಚನೆ ಮಾಡಿದ್ದು ನಾನಲ್ವಾ?"

ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಎಸ್ತರ್ ಬಂದ ಮೊದಲ ವಾರವೇ ಅವಳಿಗೆ ಜ್ವರ ಬಂದು ಮೂಡಿಗೆರೆಯ ಆಸ್ಪತ್ರೆಗೆ ಕರೆದೊಯ್ದಿದ್ದೆ. ಆ ಶುಕ್ರವಾರ ಅವಳ ಹೆಸರಿನಲ್ಲೂ ಅರ್ಚನೆ ಮಾಡಿ ಎಂದಿದ್ದೆ. ಭಟ್ಟರು ನಕ್ಷತ್ರ ಕೇಳಿದರು. ಹುಟ್ಟಿದ ದಿನ, ಹೊತ್ತು ಹೇಳಿದ್ದಕ್ಕೆ ಹಳೆಯ ಪಂಚಾಂಗ ತೆಗೆದು ನೋಡಿ, "ಆಫ್ರಿಕಾದ ಮೇಲೂ ಇದೇ ಆಕಾಶ ಅಲ್ವಾ" ಎಂದು ರೋಹಿಣಿ ಎಂದು ಬರೆದುಕೊಂಡಿದ್ದರು. ವಯಸ್ಸಾಗಿ ಹೆಸರುಗಳು ಮರೆಯುತ್ತವೆಂದು ಅವರು ವಾರವಾರವೂ ಒಂದು ಪುಸ್ತಕದಲ್ಲಿ ತಾರೀಖು ಹಾಕಿ, ಮನೆ ಮನೆಯ ಹೆಸರು ಬರೆದು, ಅದನ್ನು ನೋಡಿಯೇ ಸಂಕಲ್ಪ ಮಾಡುತ್ತಿದ್ದರು. ನಮ್ಮ ಮನೆಯ, ಅಂದರೆ ಮೇಲಿನಮನೆಯ, ಸಾಲಿನಲ್ಲಿ ಹಿಂದಿನ ವರ್ಷದ ಜೂನ್‌ನಿಂದ ಒಂದು ವಾರವೂ ಬಿಡದೆ ನನ್ನ ಹೆಸರಿನ ಕೆಳಗೆ ಎಸ್ತರಳ ಹೆಸರಿತ್ತು. ಪುಸ್ತಕ ಕೊಡಿ ಎಂದೆ. ಗುಡಿಯ ಪುಸ್ತಕ ಯಾರ ಕೈಗೂ ಕೊಡುವುದಿಲ್ಲ, ಬೇಕಾದರೆ ತಾವೇ ಹೊತ್ತು ತರುತ್ತೇನೆ ಎಂದರು.

ಭಾನುವಾರ ಸುದ್ದಿ ತಿಳಿದು ದೊಡ್ಡ ಭಾವ ಬಂದರು. "ಬಾಡಿಗೆ ತಗೊಂಡಿದ್ದೆ ಅಂತ ಪೊಲೀಸ್ನೋರಿಗೆ ಬರ್ಕೊಡ್ತೀಯಾ ಸುಶೀಲ? ನಮ್ಮ ಮನೆತನದ ಮಾನ ಏನಾಗ್ಬೇಕು? ಎಲ್ಲಿಯದೋ ಹುಡುಗಿ, ಹೋದ್ರೆ ಹೋಗ್ತಾಳೆ."

"ಮಾನ ಹೋಗೋದಾದ್ರೆ ಹೋಗ್ಲಿ ಭಾವ. ಹುಡುಗಿ ಹೋಗಬಾರದು" ಎಂದೆ. ಮದುವೆಯಾಗಿ ಬಂದ ಮೇಲೆ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಸೋಮವಾರದ ಬಸ್ಸಿನಲ್ಲಿ ನಾವು ಮೂವರು. ಭಟ್ಟರು ಪುಸ್ತಕವನ್ನು ಮಡಿಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಕಂಡಕ್ಟರ್ ಟಿಕೆಟ್ ಕೇಳಲು ಬಂದಾಗಲೂ ಕೈ ತೆಗೆಯಲಿಲ್ಲ. ಕಚೇರಿಯಲ್ಲಿ ಅಧಿಕಾರಿ ಕೂರಿ ಎಂದರು. ನಾನು ಕೂರಲಿಲ್ಲ.

"ಸ್ವಾಮಿ, ಕಾನ್‌ಸ್ಟೇಬಲ್ ತಪ್ಪು ಬರೆದಿಲ್ಲ. ಸುಳ್ಳು ಹೇಳಿದ್ದು ನಾನು. ಹೋದ ವಾರ ಇಲ್ಲಿ ಹೇಳಿದ್ದೂ ಸುಳ್ಳೇ. ಬಾಡಿಗೆ ತಗೋತೀನಿ ಅನ್ನೋಕೆ ನಮ್ಮ ಭಾವನೋರ ಎದುರಿಗೆ ನಾಚಿಕೆ ಆಯ್ತು. ಶಿಕ್ಷೆ ಇದ್ರೆ ನನಗೆ ಕೊಡಿ. ಈ ಹುಡುಗಿ ನಿಮ್ಮ ಒಂದು ರೂಲೂ ಮುರಿದಿಲ್ಲ" ಎಂದು, ಅದನ್ನೇ ಬರೆದು ತಂದಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟೆ. ಗೋಡೆಯ ಪಕ್ಕದ ಕಾನ್‌ಸ್ಟೇಬಲ್‌ಗೆ ಕೈ ಮುಗಿದೆ. ಆತ ಗಾಬರಿಯಾಗಿ ತಾನೂ ಕೈ ಮುಗಿದ.

ಅಧಿಕಾರಿ ಪುಸ್ತಕದ ಹಾಳೆ ತಿರುವತೊಡಗಿದರು. ಮಳೆಗಾಲದ ಹಾಳೆಗಳಲ್ಲಿ ಶಾಯಿ ಹರಡಿತ್ತು, ಕುಂಕುಮ ಮೆತ್ತಿತ್ತು. ಎಸ್ತರಳ ಹೆಸರಿನ ಪಕ್ಕ ಒಂದು ಕಡೆ 'ಜ್ವರ' ಎಂದಿತ್ತು, ಇನ್ನೊಂದು ಕಡೆ 'ಪರೀಕ್ಷೆ' ಎಂದಿತ್ತು. ಅವರು ಅಲ್ಲಿ ಬೆರಳಿಟ್ಟು ತಲೆಯೆತ್ತಿದರು. ಕೇಳುವ ಮೊದಲೇ ಎಸ್ತರ್ ಪ್ಲಾಸ್ಟಿಕ್ ಕವರ್ ಬಿಚ್ಚಿ ಆಸ್ಪತ್ರೆಯ ಚೀಟಿ ಮತ್ತು ಹಾಲ್ ಟಿಕೆಟ್ ತೆಗೆದಿಟ್ಟಳು. ಚೀಟಿಯಲ್ಲಿ ಬರೀ ಹೆಸರು, ತಾರೀಖು. ಆ ತಾರೀಖು ಪುಸ್ತಕದ ಜ್ವರದ ವಾರಕ್ಕೆ ಸರಿಹೊಂದಿತು. ಹಾಲ್ ಟಿಕೆಟ್ ಪರೀಕ್ಷೆಯ ವಾರಕ್ಕೆ ಸರಿಹೊಂದಿತು.

"ಇದು ನಮ್ಮ ಪಟ್ಟಿಯಲ್ಲಿರೋ ದಾಖಲೆ ಅಲ್ಲ" ಎಂದರು ಅಧಿಕಾರಿ. "ಆದ್ರೆ ನಮಗೆ ತೋರಿಸ್ಬೇಕು ಅಂತ ಬರೆದದ್ದಲ್ಲ ಅನ್ನೋದು ಕಾಣ್ತದೆ. ಇನ್ನೊಂದ್ಸಲ ವಿಚಾರಣೆಗೆ ಕಳಿಸ್ತೀನಿ."

ಬುಧವಾರ ಅದೇ ಕಾನ್‌ಸ್ಟೇಬಲ್ ಬಂದ. ಆ ಹೊತ್ತಿಗೆ ಕಾಫಿಗೆ ಬನ್ನಿ ಎಂದು ದೊಡ್ಡ ಭಾವನಿಗೆ ನಾನೇ ಹೇಳಿಕಳಿಸಿದ್ದೆ. ಅದೇ ಜಗಲಿ, ಅದೇ ಕುರ್ಚಿ. ಕಾನ್‌ಸ್ಟೇಬಲ್ ಕೆಮ್ಮಿ, ಅದೇ ಪ್ರಶ್ನೆ ಕೇಳಿದ.

"ಹೌದು. ಎಸ್ತರ್ ಹೋದ ವರ್ಷ ಜೂನ್‌ನಿಂದ ಇಲ್ಲೇ ಇದಾಳೆ. ನಾನು ಬಾಡಿಗೆ ತಗೊಂಡೇ ಇಟ್ಕೊಂಡಿದೀನಿ. ದೊಡ್ಡದಾಗಿ ಬರ್ಕೊಳ್ಳಿ" ಎಂದೆ. ಈ ಸಲ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ರುಜು ಹಾಕಿದೆ. ಭಾವ ಕಾಫಿ ಮುಟ್ಟದೆ ಎದ್ದು ಹೋದರು. ಅವರು ಇವತ್ತಿಗೂ ನಮ್ಮ ಮನೆ ಮೆಟ್ಟಿಲು ಹತ್ತುವುದಿಲ್ಲ. ನನಗೆ ಬೇಸರವಿದೆ, ಪಶ್ಚಾತ್ತಾಪವಿಲ್ಲ.

ಹದಿಮೂರನೆಯ ದಿನ ವೀಸಾ ಒಂದು ವರ್ಷ ಮುಂದುವರಿದು ಮುದ್ರೆ ಬಿತ್ತು. ಎಸ್ತರ್ ಬಸ್ ಸ್ಟ್ಯಾಂಡಿನಲ್ಲೇ ನನ್ನನ್ನು ತಬ್ಬಿಕೊಂಡು ಅತ್ತಳು, ಜನ ನೋಡಿದರು, ನೋಡಲಿ. ಮುಂದಿನ ವರ್ಷ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ವೀಸಾ ಮುಗಿಯಲು ಇನ್ನೂ ಒಂಬತ್ತು ದಿನ ಇರುವಾಗಲೇ ಊರಿಗೆ ಹೊರಟಳು. ಅವಳೂ ಆ ಹದಿಮೂರು ದಿನ ಚರ್ಚಿನಲ್ಲಿ ಪ್ರಾರ್ಥನೆ ಮಾಡಿದ್ದಳು. ಯಾರ ಪ್ರಾರ್ಥನೆ ಫಲಿಸಿತೆಂದು ನಾನು ಅವಳ ಹತ್ತಿರ ಜಗಳಕ್ಕೆ ಹೋಗುವುದಿಲ್ಲ. ಪುಸ್ತಕ ಮಾತ್ರ ನಮ್ಮ ಗುಡ್ಡದಮ್ಮನದು.

ಭಟ್ಟರು ಈಗ ಇಲ್ಲ, ಅವರ ಮಗ ಪೂಜೆ ಮಾಡುತ್ತಾರೆ. ಊರು ಬಿಟ್ಟು ಹೋದವಳು, ಬೇರೆ ಧರ್ಮದವಳು, ಅವಳ ಹೆಸರು ಇನ್ನೂ ಯಾಕೆ ಹೇಳಿಸುತ್ತೀರಿ ಎಂದು ಗುಡಿಯಲ್ಲಿ ಒಬ್ಬಿಬ್ಬರು ಕೇಳಿದ್ದುಂಟು. ಕೇಳಿದವರು ಇದನ್ನು ಓದುತ್ತಿದ್ದರೆ ಅವರಿಗೆ ಉತ್ತರ ಇಷ್ಟು. ನಾನು ಅವಳನ್ನು 'ಇಲ್ಲ' ಎಂದ ದಿನ, ದೇವಿ 'ಅವಳು ಇದ್ದಾಳೆ' ಎಂದಳು. ಬೇಡಿದ್ದನ್ನು ಕೊಡದೆ, ಬೇಕಾದ್ದನ್ನು ಕೊಟ್ಟ ತಾಯಿಗೆ ನನ್ನ ಸಾವಿರ ನಮಸ್ಕಾರ. ಶುಕ್ರವಾರ ಬನ್ನಿ, ನೀವೇ ಕೇಳಿಸಿಕೊಳ್ಳಿ: ಮೇಲಿನಮನೆ, ಸುಶೀಲಮ್ಮ, ಎಸ್ತರ್, ರೋಹಿಣಿ ನಕ್ಷತ್ರ.