ಶಹಾಬಾದಿಗೆ ಒಂದು ಬಾದಾಮಿ ಬ್ರೆಡ್ಡು

ಕಳೆದ ಶನಿವಾರ ಕಿರಾಣಿ ಅಂಗಡಿಯಲ್ಲಿ ಅರ್ಧ ಕೆಜಿ ಬಾದಾಮಿ ಕೇಳಿದೆ. ಅಂಗಡಿಯವರು ತೂಕಕ್ಕೆ ಹಾಕುತ್ತ ಆಚೀಚೆ ನೋಡಿದರು. ಆಮೇಲೆ ದನಿ ಇಳಿಸಿದರು.

“ಸರ್, ತಪ್ಪು ತಿಳ್ಕೋಬ್ಯಾಡ್ರಿ. ಮನ್ಯಾಗ ಬಾಣಂತಿ ಇದ್ದಾರೇನ್ರಿ?”

ನನಗೆ ನಿವೃತ್ತಿ ಹತ್ತಿರ ಬಂದಿದೆ. ನನ್ನ ಹೆಂಡತಿ ಸುಧಾ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳದೆ ಮಲಗುವುದಿಲ್ಲ. ಬಾಣಂತಿ ಎಲ್ಲಿಂದ ಬರಬೇಕು? ಆದರೆ ಅವರನ್ನು ದೂರಿ ಏನು ಫಲ? ನಮ್ಮ ಸೇಡಂನಲ್ಲಿ ವಾರವಾರ ಅರ್ಧ ಕೆಜಿ ಬಾದಾಮಿ ಒಯ್ಯುವ ಮನೆಯಲ್ಲಿ ಒಂದೋ ಬಾಣಂತಿ ಇರಬೇಕು, ಇಲ್ಲ ಪೈಲ್ವಾನ ಇರಬೇಕು.

“ಬ್ರೆಡ್ ಮಾಡ್ತೀನ್ರಿ,” ಅಂದೆ.

“ಬಾದಾಮಿದು?”

“ಹೌದ್ರಿ.”

ಅವರು ಬಾದಾಮಿ ಕಟ್ಟಿಕೊಟ್ಟರು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರರಿಗೆ ವಯಸ್ಸಾಯಿತು ಅಂದುಕೊಂಡಿರಬೇಕು.

ಮೆಡಿಕಲ್ ಅಂಗಡಿಯಲ್ಲಿ ಇನ್ನೊಂದು ತರಹ. ಈ ಬ್ರೆಡ್ಡಿಗೆ ಇಸಬಗೋಲ್ ಬೇಕು. ಮೈದಾ ಇಲ್ಲ, ಗೋಧಿ ಇಲ್ಲ, ಹಿಟ್ಟು ಹಿಡಿದು ನಿಲ್ಲಿಸುವುದಕ್ಕೆ ಏನಾದರೂ ಅಂಟು ಬೇಕಲ್ಲ? ಮೂರನೇ ಡಬ್ಬಿ ಕೊಳ್ಳುವ ಹೊತ್ತಿಗೆ ಅಂಗಡಿಯ ಹುಡುಗಿ ಬಹಳ ಕನಿಕರದಿಂದ, “ಸರ್, ಒಮ್ಮೆ ಡಾಕ್ಟರಿಗೆ ತೋರಿಸಿಬಿಡ್ರಿ” ಎಂದಳು. ನನ್ನ ಹೊಟ್ಟೆಯ ಮರ್ಯಾದೆ ಊರಲ್ಲಿ ಅಷ್ಟಕ್ಕೇ ಉಳಿದಿದೆ.

ನಗಬೇಡಿ. ಸ್ವಲ್ಪ ನಗಿ, ಪರವಾಗಿಲ್ಲ. ಮುಂದೆ ನಗುವಂಥದ್ದು ಹೆಚ್ಚಿಲ್ಲ.

ಬ್ರೆಡ್ಡು ನನ್ನ ಅಕ್ಕನಿಗೆ. ಪದ್ಮಕ್ಕ ಶಹಾಬಾದಿನಲ್ಲಿ ಮಗಳು ವೀಣಾಳ ಜೊತೆ ಇದ್ದಾಳೆ. ಭಾವ ತೀರಿಕೊಂಡು ಬಹಳ ವರ್ಷಗಳಾದವು. ಹೋದ ವರ್ಷ ಅಕ್ಕನ ಶುಗರ್ ಮೇಲಕ್ಕೇರಿ ಕೂತಿತು, ಮಾತ್ರೆಗೆ ಜಗ್ಗಲಿಲ್ಲ. ಡಾಕ್ಟರು ಅನ್ನ ಬಿಡಿಸಿದರು. ಅದು ದೊಡ್ಡ ಮಾತಲ್ಲ, ನಮ್ಮ ಕಡೆ ಅನ್ನ ಊಟದ ಕೊನೆಗೆ ಬರುವ ನೆಂಟ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. “ಕೆಲವು ತಿಂಗಳು ಧಾನ್ಯಾನೇ ಬ್ಯಾಡ್ರಿ. ಜೋಳದ ರೊಟ್ಟೀನೂ ಬ್ಯಾಡ.”

ಎಷ್ಟು ವರ್ಷಗಳಿಂದ ಶುಗರ್ ಇದ್ದವರಿಗೆಲ್ಲ ‘ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನಿ’ ಅಂತ ಹೇಳುತ್ತ ಬಂದಿದ್ದೇವೆ. ಈಗ ಅದನ್ನೂ ಕಸಿದುಕೊಂಡರೆ? ಅಕ್ಕ ಮನೆಗೆ ಬಂದು ರೊಟ್ಟಿಯ ಬುಟ್ಟಿಯನ್ನು ಅಟ್ಟಕ್ಕೆ ಹಾಕಿಸಿದಳು. ಕಣ್ಣಿಗೆ ಬೀಳದಿದ್ದರೆ ಆಸೆ ಹುಟ್ಟುವುದಿಲ್ಲ ಅಂತ. ಎರಡು ದಿನ ಬರೀ ಪಲ್ಯ, ಮೊಸರು ತಿಂದು ಫೋನ್ ಮಾಡಿದಳು.

“ಶೀನ್ಯಾ, ಪಲ್ಯ ಹಚ್ಕೊಂಡು ತಿನ್ಲಿಕ್ಕೆ ಏನಾರ ಬೇಕಲ್ಲೋ. ಬರೇ ಪಲ್ಯ ತಿಂದ್ರ ಊಟ ಶುರುನs ಆಗಂಗಿಲ್ಲ ನೋಡು.”

ನಾನು ಮೊಬೈಲಿನಲ್ಲಿ ಹುಡುಕಿದೆ. ಜಗತ್ತಿನ ತುಂಬ ಜನ ಧಾನ್ಯವಿಲ್ಲದ ಲೋ-ಕಾರ್ಬ್ ಬ್ರೆಡ್ ಸುಡುತ್ತಿದ್ದರು. ಎಲ್ಲದಕ್ಕೂ ಮೊಟ್ಟೆ. ನಮ್ಮದು ವೈಷ್ಣವರ ಮನೆ, ಮೊಟ್ಟೆಯ ಹೆಸರು ಎತ್ತಿದರೆ ಅಕ್ಕ ನನ್ನನ್ನೇ ಹೊರಗೆ ನಿಲ್ಲಿಸುತ್ತಾಳೆ. ಕೊನೆಗೆ ನಾನೇ ಒಂದು ಲೆಕ್ಕ ಹಾಕಿಕೊಂಡೆ. ಬಾದಾಮಿ ಪುಡಿ, ಅಗಸಿ ಪುಡಿ, ಇಸಬಗೋಲ್, ಮೊಸರು, ಸೋಡಾ, ನಿಂಬೆರಸ, ಉಪ್ಪು. (ಬಾದಾಮಿಯನ್ನು ಮಿಕ್ಸಿಯಲ್ಲಿ ತಡೆದು ತಡೆದು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇದನ್ನು ಕಲಿಯಲು ನನಗೆ ಎಷ್ಟು ಬಾದಾಮಿ ಬೇಕಾಯಿತು ಅಂತ ಸುಧಾಳನ್ನು ಕೇಳಬೇಡಿ.)

ನಾನು ಕೊಂಡು ತಂದ ಓವನ್ನನ್ನು ಸುಧಾ ಅಡುಗೆಮನೆಯೊಳಗೆ ಬಿಡಲಿಲ್ಲ. “ದೇವರ ನೈವೇದ್ಯ ಆಗೋ ಜಾಗಾ ಅದು. ನಿಮ್ಮ ಬೇಕರಿ ಪಡಸಾಲ್ಯಾಗ ಇರ್ಲಿ” ಅಂದಳು. ಹಾಗಾಗಿ ನನ್ನ ಬೇಕರಿ ಪಡಸಾಲೆಯಲ್ಲಿ, ಟಿವಿಯ ಪಕ್ಕದಲ್ಲಿ ಶುರುವಾಯಿತು.

ಮೊದಲನೇ ಬ್ರೆಡ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಭಾನುವಾರ ಬೆಳಿಗ್ಗೆ ಪ್ಯಾಸೆಂಜರ್ ಹತ್ತಿದೆ. ಚಿತ್ತಾಪುರ ದಾಟಿ ವಾಡಿಯಲ್ಲಿ ಗಾಡಿ ನಿಂತು ಬೆವರಿಳಿಸಿ, ಶಹಾಬಾದ್ ಮುಟ್ಟುವ ಹೊತ್ತಿಗೆ ಅದು ಇನ್ನಷ್ಟು ಗಟ್ಟಿಯಾಗಿತ್ತು. ಅಕ್ಕ ಬೆರಳಿನಿಂದ ತಟ್ಟಿ ನೋಡಿದಳು.

“ನೆಲಕ್ಕ ಹಾಕೋ ಫರಸಿ ಕಲ್ಲು ನಮ್ಮೂರಾಗs ಸಿಗ್ತದಲ್ಲೋ. ಸೇಡಂನಿಂದ ಯಾಕ ಹೊತ್ಕೊಂಡು ಬಂದಿ?”

ಆದರೂ ತಿಂದಳು. ಬಿಸಿ ಹಾಲಿನಲ್ಲಿ ನೆನೆಸಿ, ಪೂರ್ತಿ ತಿಂದಳು. ತಮ್ಮ ಮಾಡಿದ್ದು ಅಂತ.

ಆಮೇಲೆ ಕೈ ಕುದುರಿತು. ಬ್ರೆಡ್ಡು ಉಬ್ಬತೊಡಗಿತು, ಚಾಕುವಿಗೆ ಹೋಳಾಗತೊಡಗಿತು. ಅಕ್ಕ ಅದನ್ನು ತವೆಯ ಮೇಲೆ ತುಪ್ಪ ಹಾಕಿ ಕಾಯಿಸಿ ಪುಂಡಿಪಲ್ಯ ಹಚ್ಚಿಕೊಂಡು ತಿನ್ನುವುದನ್ನು ಕಂಡುಹಿಡಿದಳು. ಒಂದು ದಿನ ಬಾಯಿ ಒರೆಸಿಕೊಳ್ಳುತ್ತ ಹೇಳಿದಳು.

“ಧಾನ್ಯ ಇಲ್ಲ ಅಂದಮ್ಯಾಗ ನನಗ ದಿನಾ ಏಕಾದಶಿ ಆತು. ಉಪವಾಸಕ್ಕ ನಾ ಹೆದರಾಕಿ ಅಲ್ಲ. ಆದ್ರ ದ್ವಾದಶಿ ಯಾವತ್ತೋ?”

ನಮ್ಮ ಮನೆಗಳಲ್ಲಿ ಏಕಾದಶಿ ಹಿಡಿದವರಿಗೆ ಮರುದಿನ ಸೂರ್ಯ ಹುಟ್ಟುವ ಹೊತ್ತಿಗೇ ಎಲೆ ಹಾಕಿರುತ್ತಾರೆ. ಆ ಊಟದ ರುಚಿಯೇ ಬೇರೆ. ಚಿಕ್ಕವನಿದ್ದಾಗ ನಾನು ಉಪವಾಸ ಮಾಡದಿದ್ದರೂ ದ್ವಾದಶಿಯ ಊಟಕ್ಕೆ ಅಕ್ಕನ ಪಕ್ಕದಲ್ಲಿ ಕೂರುತ್ತಿದ್ದೆ.

“ಡಾಕ್ಟರ್ ಹೇಳಿದ ದಿನಾನೇ ದ್ವಾದಶಿ,” ಅಂದೆ. ಇಬ್ಬರೂ ನಕ್ಕೆವು.

ಶುಗರ್ ಇಳಿಯಿತು. ಅಕ್ಕನೂ ಇಳಿದಳು. ಬಳೆ ಮೊಣಕೈವರೆಗೆ ಸರಿಯತೊಡಗಿದವು, ಬ್ಲೌಸುಗಳಿಗೆಲ್ಲ ಹೊಸ ಹೊಲಿಗೆ ಬಿತ್ತು. ಚಿತ್ತಾಪುರದಲ್ಲಿ ನೆಂಟರ ಮನೆಯ ಮುಂಜಿವೆಗೆ ಹೋದಾಗ ಹೆಂಗಸರೆಲ್ಲ ಅವಳನ್ನು ಸುತ್ತುವರಿದರು. “ಎಷ್ಟು ಸಣ್ಣ ಆಗೀರಿ ಪದ್ಮಕ್ಕ, ಏನ್ ಮಾಡಿದ್ರಿ?” ಅಕ್ಕ ಬೀಗರ ಪಂಕ್ತಿಯಲ್ಲಿ ಕೂತಿದ್ದ ನನ್ನ ಕಡೆ ಬೆರಳು ತೋರಿಸಿದಳು. ನಾನು ಊಟ ಬಿಟ್ಟೆದ್ದು ರೆಸಿಪಿ ಬರೆಸಿದೆ. ಮೂವತ್ತೈದು ವರ್ಷ ಪಾಠ ಹೇಳಿದರೂ ಇಷ್ಟು ಶ್ರದ್ಧೆಯ ಕ್ಲಾಸ್ ನನಗೆ ಸಿಕ್ಕಿರಲಿಲ್ಲ.

ಯಾರಾದರೂ ತೆಳ್ಳಗಾದರೆ ನಾವು ಮೊದಲು ಅಭಿನಂದಿಸುತ್ತೇವೆ. ‘ಆರಾಮಿದ್ದೀರಾ?’ ಅಂತ ಕೇಳುವುದು ಆಮೇಲೆ, ಕೇಳಿದರೆ.

ಅಕ್ಕ ಆರಾಮಿರಲಿಲ್ಲ. ಶುಗರ್ ನೆಟ್ಟಗಾದ ಮೇಲೂ ಅವಳು ಇಳಿಯುತ್ತಲೇ ಹೋದಳು. ಬೆನ್ನು ನೋಯುತ್ತದೆ ಅಂದಳು. ಕಣ್ಣು ಹಳದಿಯಾದ ದಿನ ವೀಣಾ ಕಲಬುರಗಿಗೆ ಕರೆದುಕೊಂಡು ಹೋದಳು. ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೆ ಗಂಟು ಕಂಡಿತು. ಅದು ಲಿವರಿಗೂ ಹಬ್ಬಿತ್ತು. ಆಪರೇಷನ್ ಮಾಡುವ ಹಂತ ದಾಟಿದೆ ಎಂದರು. ಬ್ರೆಡ್ಡಿಗೂ ಇದಕ್ಕೂ ಸಂಬಂಧವಿಲ್ಲ, ಅದು ಮೊದಲೇ ಒಳಗಿತ್ತು ಅಂತ ಡಾಕ್ಟರೇ ಹೇಳಿದರು. ಹೇಳದಿದ್ದರೆ ನಾನು ಕೇಳುತ್ತಿದ್ದೆ.

ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ನಾನು, ವೀಣಾ. ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು, ಒಳ್ಳೆಯ ಮನುಷ್ಯ. ನಾನು ಪಥ್ಯದ ಬಗ್ಗೆ ಕೇಳಿದೆ. ಧಾನ್ಯ ಕೊಡುತ್ತಿಲ್ಲ, ಬಾದಾಮಿ ಬ್ರೆಡ್ ಕೊಡುತ್ತಿದ್ದೇವೆ, ಮುಂದುವರಿಸಬಹುದೇ?

ಅವರು ಪೆನ್ನು ಕೆಳಗಿಟ್ಟರು.

“ಡಯಟ್ ಈಗ ಏನೂ ಬ್ಯಾಡ್ರಿ ಸರ್. ಅವರಿಗೇನ್ ಸೇರ್ತದ ಅದನ್ನ ಕೊಡ್ರಿ.”

ಈ ಮಾತು ನಿಮಗೂ ಗೊತ್ತಿರಬೇಕು. ನಿಮ್ಮ ಮನೆಯಲ್ಲೂ ಯಾರದೋ ವಿಷಯದಲ್ಲಿ ಯಾವುದೋ ಡಾಕ್ಟರು ಹೇಳಿರುತ್ತಾರೆ. ಎಷ್ಟು ಮೃದುವಾದ ಮಾತು. ಉಪ್ಪಿನಕಾಯಿಗೂ ಹಪ್ಪಳಕ್ಕೂ ಬೈಯುವ ಡಾಕ್ಟರು ಒಮ್ಮೆಲೇ ಇಷ್ಟು ಉದಾರವಾದರೆ ಕಾಲ ಕೆಳಗಿನ ನೆಲ ಇರುವುದಿಲ್ಲ. ಅವರು ಬೈಯುತ್ತಿರುವ ತನಕ ನಮಗೆ ಭಯವಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ದ್ವಾದಶಿ ಬಂದಿತ್ತು. ಹೀಗೆ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು?

ಹೊರಗೆ ಬಂದೆವು.

“ಏನಂದ್ರು?” ಅಕ್ಕ ಕೇಳಿದಳು.

ವೀಣಾ ಚಪ್ಪಲಿ ಹುಡುಕುವವಳಂತೆ ತಲೆ ತಗ್ಗಿಸಿದಳು. ನಾನು, “ಕಾಮಾಲಿ ಆಗ್ಯದಂತ, ಗುಳಿಗಿ ಕೊಟ್ಟಾರ. ಪಥ್ಯ ಹಿಂಗs ನಡೀಲಿ ಅಂದ್ರು” ಎಂದೆ.

“ನೋಡು ಮತ್ತ,” ಎಂದಳು ಅಕ್ಕ, ಮಗಳ ಕಡೆ ತಿರುಗಿ. ಮುಖದಲ್ಲಿ ಪಾಸಾದವಳ ಖುಷಿಯಿತ್ತು.

ಸುಳ್ಳು ಹೇಳಿದ್ದು ಸರಿಯೇ? ಗೊತ್ತಿಲ್ಲ. ಸುಧಾ ಸರಿ ಅನ್ನುತ್ತಾಳೆ, ವೀಣಾ ಏನೂ ಅನ್ನುವುದಿಲ್ಲ. (ಪತ್ರಿಕೆಗೆ ನಾನು ಬರೆಯುವ ಈ ಅಂಕಣವನ್ನು ವೀಣಾ ವಾರವಾರ ಅಮ್ಮನಿಗೆ ಓದಿ ಹೇಳುತ್ತಾಳೆ. ಈ ವಾರ ಮಾಮಾನದು ಬಂದಿಲ್ಲ ಅಂತ ಹೇಳಿಬಿಡು ಅಂದಿದ್ದೇನೆ.)

ಮೊನ್ನೆ ಭಾನುವಾರ ಬ್ರೆಡ್ಡು ಹಿಡಿದು ಹೋದೆ. ವೀಣಾ ನನ್ನನ್ನು ಅಡುಗೆಮನೆಗೆ ಕರೆದಳು. ಅಟ್ಟದ ಮೇಲಿನ ಬುಟ್ಟಿ ಕೆಳಗಿಳಿದಿತ್ತು, ಪರಾತದಲ್ಲಿ ಜೋಳದ ಹಿಟ್ಟಿತ್ತು.

“ಮಾಮಾ, ಇವತ್ತ ಜ್ವಾಳದ ಭಕ್ರಿ ಬಡೀತೀನಿ.”

“ಆಕಿಗೆ ತಿಳೀತದವಾ. ಭಕ್ರಿ ನೋಡಿದ್ಲು ಅಂದ್ರ ಎಲ್ಲಾ ತಿಳೀತದ.”

“ಮತ್ತ ಅವ್ವನ್ನ ಭಕ್ರಿ ಇಲ್ಲದs ಕಳಸೂದೇನು?” ಅವಳು ಹಿಟ್ಟಿನ ಮೇಲೆ ಕೈಯಾಡಿಸಿದಳು. “ಆಕಿ ಕನಸಿನ್ಯಾಗ ಭಕ್ರಿ ತಿಂತಾಳಂತ ಮಾಮಾ. ಮುಂಜಾನೆ ಎದ್ದು ನಕ್ಕೋತ ನನಗ ಹೇಳ್ತಾಳ.”

ಹಿಟ್ಟಿನ ಮುಂದೆ ಕೂತು ಸೋದರಮಾವ, ಅಕ್ಕನ ಮಗಳು ಇಬ್ಬರೂ ಅತ್ತೆವು, ಶಬ್ದ ಮಾಡದೆ. ಆಮೇಲೆ ಅವಳು ಕಣ್ಣೊರೆಸಿಕೊಂಡು ನೀರು ಕಾಯಲಿಟ್ಟಳು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಅಕ್ಕ ಎದ್ದು ಕೂತಳು.

ತಟ್ಟೆಯಲ್ಲಿ ಉಬ್ಬಿದ ಬಿಸಿ ರೊಟ್ಟಿ, ಬೆಣ್ಣೆ, ಪುಂಡಿಪಲ್ಯ. ವೀಣಾ ತಂದು ಮುಂದಿಟ್ಟಳು. ಅಕ್ಕ ರೊಟ್ಟಿಯ ಮೇಲೆ ಬೆರಳಿಟ್ಟಳು. ಆ ಬೆರಳನ್ನು ಮೂಗಿನ ಹತ್ತಿರ ಒಯ್ದಳು.

“ಯಾರಿಗಿದು?”

“ನಿನಗs ಅಕ್ಕ. ಒಂದಿನ ತಿಂದ್ರ ನಡೀತದ.”

ಅವಳು ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ. ಅಕ್ಕ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

“ಬ್ಯಾಡಪಾ. ಇಷ್ಟು ತಿಂಗಳ ಹಿಡದೀನಿ. ಈಗ ಕೆಡಿಸ್ಕೊಂಡ್ರ ಮತ್ತ ಮೊದಲಿಂದ ಶುರು ಮಾಡ್ಬೇಕಾಗ್ತದ. ಬ್ರೆಡ್ ಕೊಡು.”

“ಅವ್ವಾ, ಒಂದು ತುತ್ತು,” ಎಂದಳು ವೀಣಾ.

“ಬ್ಯಾಡಂದ್ನಲ್ಲ. ಡಾಕ್ಟರ್ ಹಿಂಗs ನಡೀಲಿ ಅಂದಾರ. ಗುಣ ಆದಮ್ಯಾಗ ಕೂತು ತಿಂತೀನಿ, ಎಲ್ಲಿ ಹೋಗ್ತದ ಭಕ್ರಿ?” ಆಮೇಲೆ ನನಗೆ, “ಬಿಸಿ ಆರಸಬ್ಯಾಡ. ನೀ ತಿನ್ನು.”

ತಿಂದೆ. ಅವಳ ಎದುರಿಗೇ ಕೂತು ತಿಂದೆ. ಅವಳು ಬಾದಾಮಿ ಬ್ರೆಡ್ಡಿನ ಹೋಳನ್ನು ಸಣ್ಣ ಸಣ್ಣದಾಗಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಮೆತ್ತಗಾಗಿದೆಯೇ, ಅಂಚು ಬೆಂದಿದೆಯೇ, ಜೋಳ ಹೊಸದೋ ಹಳೆಯದೋ, ಎಲ್ಲ ಕೇಳಿದಳು. ನಾನು ಎಲ್ಲದಕ್ಕೂ ಹೂಂ ಅಂದೆ.

ಅವಳಿಗೆ ಗೊತ್ತಿದೆಯೇ? ಅಕ್ಕ ದಡ್ಡಳಲ್ಲ. ಗೊತ್ತಿದ್ದೂ ನಮಗಾಗಿ ಪಥ್ಯ ಮಾಡುತ್ತಿದ್ದಾಳೆಯೇ, ಇಲ್ಲ ನಿಜವಾಗಿಯೂ ಗುಣವಾಗಲು ಕಾಯುತ್ತಿದ್ದಾಳೆಯೇ? ಸಂಜೆಯ ಗಾಡಿಯಲ್ಲಿ ವಾಡಿಯವರೆಗೂ ಇದನ್ನೇ ಯೋಚಿಸಿದೆ. ಒಂದು ಪಕ್ಷ ಗೊತ್ತಿಲ್ಲದಿದ್ದರೆ, ಅವಳ ಕೈಯಿಂದ ಈ ಬ್ರೆಡ್ಡನ್ನು ಕಸಿದುಕೊಳ್ಳುವ ಎದೆ ನನಗಿಲ್ಲ. ಗೊತ್ತಿದ್ದರೆ ಅಂತೂ ಇಲ್ಲವೇ ಇಲ್ಲ.

ಇವತ್ತು ಮತ್ತೆ ಬಾದಾಮಿ ಪುಡಿ ಮಾಡಿಟ್ಟಿದ್ದೇನೆ. ಓವನ್ ಕಾಯುತ್ತಿದೆ. ಈಗಷ್ಟೇ ಅಕ್ಕನ ಫೋನ್ ಬಂದಿತ್ತು, ದನಿ ಬಹಳ ಸಣ್ಣಗಾಗಿದೆ.

“ಶೀನ್ಯಾ, ಹ್ವಾದ ಸರ್ತಿದು ಉಪ್ಪು ಜಾಸ್ತಿ ಆಗಿತ್ತು ನೋಡು. ಕಡಿಮಿ ಹಾಕು. ನಾಳೆ ಬಿಪಿ ಗಿಪಿ ಬಂದ್ರ ಮತ್ತ ಅದೊಂದು ತ್ರಾಸು.”

ಹಿಟ್ಟು ಮುಂದಿದೆ, ಚಮಚ ಕೈಯಲ್ಲಿದೆ. ಹೇಳಿ, ಉಪ್ಪು ಎಷ್ಟು ಹಾಕಲಿ?