ರೂಮ್ ಖಾಲಿ ಇದೆ, ಮೀನು ತಿನ್ನಬಾರದು

ಗೋವಾದಲ್ಲಿ ಕೂತು ಮೀನು ತಿನ್ನದ ಬಾಡಿಗೆಯವರನ್ನು ಹುಡುಕುವವರನ್ನು ನೀವು ನೋಡಿದ್ದೀರಾ? ನಮ್ಮ ಮನೆಗೆ ಬನ್ನಿ, ಅತ್ತೆಯನ್ನು ತೋರಿಸುತ್ತೇನೆ.

ಸಾಂಖಳಿ ಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ, ಹಿಂದೆಯೇ ಮನೆ. ಅಡುಗೆಮನೆಯ ಮೇಲಿನ ರೂಮು ಮಳೆಗಾಲದಿಂದ ಖಾಲಿ ಬಿದ್ದಿತ್ತು. ಬಂದವರನ್ನೆಲ್ಲ ಅತ್ತೆ ಎದುರಿಗೆ ಕೂರಿಸಿಕೊಂಡು ಇಂಟರ್‌ವ್ಯೂ ಮಾಡುತ್ತಿದ್ದರು. (ಧಾರವಾಡ ಬಿಟ್ಟು ಅರ್ಧ ಆಯುಷ್ಯ ಕಳೆಯಿತು. ಮೂಗು ಮಾತ್ರ ಇನ್ನೂ ಅಲ್ಲೇ ಇದೆ.) ಬ್ಯಾಂಕಿನ ಹುಡುಗನೊಬ್ಬ ಸೋಮವಾರ, ಗುರುವಾರ ಮೀನು ಮುಟ್ಟುವುದೇ ಇಲ್ಲ ಎಂದು ಗೋಗರೆದ. "ಉಳದ ದಿನಾ ನಾ ಎಲ್ಲಿ ಹೋಗ್ಲಿ?" ಎಂದರು ಅತ್ತೆ. ಫೇಲ್.

ಹೋದ ಭಾನುವಾರ ಕಾಣಕೋಣದ ನರ್ಸ್ ಒಬ್ಬಳು ಬಂದಳು, ಗೋವಾದವಳೇ. ಕನ್ನಡವನ್ನು ಆಸ್ಪತ್ರೆಯಲ್ಲಿ ನಮ್ಮ ಕಡೆಯ ಪೇಷಂಟ್‌ಗಳಿಂದ ಕಲಿತಳಂತೆ.

"ಮೀನ ತಿಂತೀಯೇನವಾ?"

"ಇಲ್ರಿ ಅಜ್ಜಿ. ನಂಗ ಅದರ ವಾಸನಿನೂ ಆಗಂಗಿಲ್ಲ."

ಅತ್ತೆಗೆ ಸ್ವರ್ಗಕ್ಕೆ ಮೂರೇ ಗೇಣು. ಚಹಾ ಇಡಲು ನನಗೆ ಆರ್ಡರ್ ಆಯಿತು. (ಬ್ಯಾಂಕಿನವನಿಗೆ ನೀರೂ ಸಿಕ್ಕಿರಲಿಲ್ಲ.)

ಚಹಾ ಕುಡಿದು ಹುಡುಗಿ ಕೇಳಿದಳು: "ನೀವು ರೊಟ್ಟಿ ಎಷ್ಟೊತ್ತಿಗೆ ಬಡೀತೀರಿ?"

"ಮುಂಜಾನೆ ಐದಕ್ಕ ಶುರು!" ಅತ್ತೆಗೆ ಭಾರೀ ಹೆಮ್ಮೆ. (ಬಡಿಯುವವಳು ನಾನು.)

"ಹಂಗಾದ್ರ ಬ್ಯಾಡ್ರಿ. ನಂದು ಸೆಕೆಂಡ್ ಶಿಫ್ಟ್, ಮಲಗೂದ ಹನ್ನೆರಡಕ್ಕ. ಐದಕ್ಕ ಕೆಳಗ ಪಟಪಟ ಅಂದ್ರ ನಿದ್ದಿ ಹೆಂಗ ಬರ್ತೈತಿ? ಹಿಂದಿನ ಮನಿ ಬಿಟ್ಟಿದ್ದೂ ಅದಕ್ಕ."

ಅಷ್ಟು ಹೇಳಿ ಎದ್ದೇ ಬಿಟ್ಟಳು. ಇಡೀ ಗೋವಾ ಜಾಲಾಡಿ ಸಿಕ್ಕಿದ್ದ ಒಬ್ಬಳು ಚಪ್ಪಲಿ ಹುಡುಕುತ್ತಿದ್ದಾಳೆ! ಅತ್ತೆಯ ಮುಖ ನೋಡಬೇಕಿತ್ತು.

"ತಡಿಯವಾ," ಎಂದರು. "ಸಂಜೀಕ ಬಡದಿಟ್ರಾತು. ಒಣಗಿದ ಕಟಕ್ ರೊಟ್ಟಿನೂ ಚಲೋನ ಇರ್ತಾವ."

ನಾನು ಖಾಲಿ ಕಪ್ ಹಿಡಿದು ನಿಂತಲ್ಲೇ ನಿಂತೆ. ಇದೇ ಮಾತನ್ನು ಮದುವೆಯಾದಾಗಿನಿಂದ ನಾನು ಹೇಳುತ್ತಾ ಬಂದಿಲ್ಲವೇ? "ಮುಂಜಾನೆ ಬಿಸಿ ರೊಟ್ಟಿ ಇಲ್ಲದ್ದು ಒಂದು ಮನಿಯೇನ?" ಎಂದು ಬಾಯಿ ಮುಚ್ಚಿಸಿದವರು ಇವರೇ ಅಲ್ಲವೇ? ಸಿಟ್ಟು ಬಂತು. ತಡೆಯಲಾಗದೆ ನಗುವೂ ಬಂತು.

ನನ್ನನ್ನು ನೋಡಲು ಬಂದ ದಿನವೂ ಇವರು ಹೀಗೇ ಎದುರಿಗೆ ಕೂರಿಸಿಕೊಂಡಿದ್ದರು. "ರೊಟ್ಟಿ ಬಡಿಯಾಕ ಬರ್ತೈತೇನ?" ಎಂದು ಕೇಳಿದ್ದರು. ಬರುತ್ತದೆ ಎಂದೆ, ಪಾಸಾದೆ. ಎಷ್ಟು ಗಂಟೆಗೆ ಎಂದು ತಿರುಗಿ ಕೇಳಬಹುದು ಅಂತ ಯಾರಿಗೆ ಗೊತ್ತಿತ್ತು?

ನರ್ಸ್ ಬಂದು ಸೇರಿಕೊಂಡಿದ್ದಾಳೆ. ನಾನೀಗ ಆರಾಮಾಗಿ ಏಳು ಗಂಟೆಗೆ ಏಳುತ್ತೇನೆ. ಹಾಸಿಗೆಯಲ್ಲೇ ಮಗ್ಗುಲಾಗಿ ಒಂದು ಯೋಚನೆ ಮಾಡುತ್ತೇನೆ: ಈ ಮನೆಗೆ ನಾನೂ ಬಾಡಿಗೆಗೇ ಬಂದಿದ್ದರೆ?